ಘಾಟಿಯಲ್ಲಿ ಹೀಟಾಗಿ ನಿಂತ ಹಳೇ ಕಾರು: ಸೆಲ್ಫ್ ಸದ್ದಿಗೆ ಕಿವಿ ಕೊಡಿ

ಏಪ್ರಿಲ್ ಬಿಸಿಲು. ಹಳೇ ಮಾರುತಿ 800ರಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು. ಚಾರ್ಮಾಡಿ ಘಾಟಿಯನ್ನು ಸೆಕೆಂಡ್ ಗೇರಿನಲ್ಲೇ ಎಳೆದೂ ಎಳೆದೂ ಹೀಟ್ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಬಾನೆಟ್ಟಿನಿಂದ ಹಬೆ. ಗಾಡಿ ಬಂದ್. ಆಗ ಹೆಚ್ಚಿನವರ ಕೈ ಮೊದಲು ಹೋಗುವುದು ಕೀಗೆ. ದಯವಿಟ್ಟು ಬೇಡ. ಕಾದ ಇಂಜಿನ್ನಿನಲ್ಲಿ ಆಯಿಲ್ ನೀರಿನಂತೆ ತೆಳ್ಳಗಾಗಿರುತ್ತದೆ. ಸುಮ್ನೆ ಸೆಲ್ಫ್ ಹೊಡೆದಷ್ಟೂ ಒಳಗೆ ಸವೆತ ಜಾಸ್ತಿ.

ಗಾಡಿ ಅಂಚಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರದ ಹಿಂದೆ ಕಲ್ಲು ಕೊಡಿ. ಎಲ್ಲರನ್ನೂ ಇಳಿಸಿ. ಹಬೆ ನಿಂತ ಮೇಲೆ ಬಾನೆಟ್ ತೆರೆದು ಮುಕ್ಕಾಲು ಗಂಟೆ ಕಾಯಿರಿ. ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒಳಗಿನ ನೀರು ಒತ್ತಡದಲ್ಲಿ 100 ಡಿಗ್ರಿ ದಾಟಿರುತ್ತದೆ. ಸೀಟಿ ಇಳಿಯುವ ಮುಂಚೆ ಕುಕ್ಕರ್ ತೆರೆದ ಹಾಗೆ ಮುಖಕ್ಕೇ ಚಿಮ್ಮುತ್ತದೆ. ಇಂಜಿನ್ ಮೇಲೆ ತಣ್ಣೀರು ಸುರಿಯುವುದಂತೂ ಬೇಡವೇ ಬೇಡ. ಇದರ ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಮುಚ್ಚಿರುವ ಭಾಗ, ಅಲ್ಯೂಮಿನಿಯಂ, ಬಿರುಕು ಬಿಡಬಹುದು.

ಪೂರ್ತಿ ತಣಿದ ಮೇಲೆ ದಪ್ಪ ಬಟ್ಟೆ ಹಿಡಿದು ಮುಚ್ಚಳ ನಿಧಾನ ತಿರುಗಿಸಿ. ನೀರು ಕಡಿಮೆ ಇದ್ದರೆ ಅದು ಎಲ್ಲಿ ಹೋಯಿತು ಎಂದು ಹುಡುಕಿ. ಹೋಸ್ ಪೈಪು, ಕ್ಲಿಪ್ಪು, ನೆಲ ನೋಡಿ. ಬಳಿಕ ಆಯಿಲ್ ಕಡ್ಡಿ ತೆಗೆಯಿರಿ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ನೀರು ಸೇರಿದೆ. ಹೆಡ್ಡಿನ ಅಡಿಯಲ್ಲಿ ಸೋರದಂತೆ ತಡೆಯುವ ಪಟ್ಟಿ, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿರುವ ಸಾಧ್ಯತೆ ದೊಡ್ಡದು. ಸೆಲ್ಫ್ ಹೊಡೆಯದೆ ಟೋ ಮಾಡಿಸಿ.

ಆಯಿಲ್ ಸರಿ ಇದ್ದರೆ ನೀರು ತುಂಬಿ, ಒಂದೇ ಸಲ ಸೆಲ್ಫ್ ಹೊಡೆದು ಸದ್ದು ಕೇಳಿ. ಕಾಯಿಲೆ ಏನೆಂದು ಅರ್ಧ ಅಲ್ಲೇ ಗೊತ್ತಾಗುತ್ತದೆ.

ಬರೀ ಟಿಕ್ ಟಿಕ್ ಅಂದರೆ ಬ್ಯಾಟರಿ ಟರ್ಮಿನಲ್ ಬಿಗಿ ಮಾಡಿ, ಬಿಳಿ ಪುಡಿ ಕಟ್ಟಿದ್ದರೆ ಉಜ್ಜಿ. ಹಾಗೇ ಬೆಲ್ಟ್ ನೋಡಿ. ಇಂಥ ಗಾಡಿಗಳಲ್ಲಿ ಆಲ್ಟರ್ನೇಟರ್ ಮತ್ತು ವಾಟರ್ ಪಂಪ್ ಎರಡನ್ನೂ ತಿರುಗಿಸುವುದು ಸಾಮಾನ್ಯವಾಗಿ ಒಂದೇ ಬೆಲ್ಟ್. ಅದು ತುಂಡಾದರೆ ಚಾರ್ಜೂ ಇಲ್ಲ, ನೀರು ಓಡುವುದೂ ಇಲ್ಲ.

ಢಕ್ ಎಂದು ಒಮ್ಮೆ ಬಡಿದು ನಿಂತರೆ ಸಿಲಿಂಡರಿಗೆ ನೀರು ಇಳಿದಿರಬಹುದು. ಆಗ ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡಲು ಹೋಗಬೇಡಿ. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ ಅಲ್ವಾ, ಪಿಸ್ಟನ್ ರಾಡೇ ಬಗ್ಗುತ್ತದೆ.

ಇಂಜಿನ್ ಎಂದಿನಂತೆ ತಿರುಗಿಯೂ ಹತ್ತಿಕೊಳ್ಳದಿದ್ದರೆ ಧೈರ್ಯ ತಂದುಕೊಳ್ಳಿ. ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಭಾಗ) ಇರುವ ಗಾಡಿಯಾದರೆ ಪೆಟ್ರೋಲ್ ಕಾದು ಫ್ಯೂಯೆಲ್ ಪಂಪಿನಲ್ಲೇ ಆವಿಯಾಗಿ, ದಾರಿ ಕಟ್ಟಿರಬಹುದು. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಲು ಗಂಟೆ ಬಿಡಿ. ಎಷ್ಟೋ ಗಾಡಿಗಳು ಇಷ್ಟಕ್ಕೇ ಎದ್ದು ಓಡಿವೆ. ಆಗಲೂ ಏಳದಿದ್ದರೆ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಇಡಿ, ಅದೂ ಕಾದರೆ ಕೈ ಕೊಡುತ್ತದೆ.

ಇನ್ನೊಂದು ಸದ್ದಿದೆ. ಇಂಜಿನ್ ಹಗುರವಾಗಿ, ಎಂದಿಗಿಂತ ಜೋರಾಗಿ ಗಿರ್ರೆಂದು ತಿರುಗುತ್ತದೆ. ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಇಲ್ಲ ಎಂದರ್ಥ. ಗ್ಯಾಸ್ಕೆಟ್ ಹೋಗಿದೆ, ಇಲ್ಲವೇ ವಾಲ್ವುಗಳನ್ನು ಆಡಿಸುವ ಟೈಮಿಂಗ್ ಬೆಲ್ಟ್ ತುಂಡಾಗಿದೆ. ಮುಂದಿನದು ಮೆಕ್ಯಾನಿಕ್ ಕೆಲಸ.

ಸ್ಟಾರ್ಟ್ ಆದರೆ ಮುಳ್ಳು ಮೇಲೇರುವಾಗ ಮುಂದಿನ ಫ್ಯಾನ್ ತಿರುಗುತ್ತದಾ ನೋಡಿ. ಇಲ್ಲದಿದ್ದರೆ ಮೊದಲು ಫ್ಯೂಸ್, ಆಮೇಲೆ ಫ್ಯಾನ್ ಸ್ವಿಚ್. ಎಸಿ ಆಫ್ ಇರಲಿ. ಹೀಟರ್ ಇದ್ದರೆ ಪೂರ್ತಿ ಹಾಕಿ. ಸೆಖೆ ತಡೆಯಲಾಗದು ನಿಜ, ಆದರೆ ಇಂಜಿನ್ನಿನ ಬಿಸಿ ಅಷ್ಟರ ಮಟ್ಟಿಗೆ ಹೊರಗೆ ಹೋಗುತ್ತದೆ.

ಗ್ಯಾರೇಜಿನಲ್ಲಿ ಗ್ಯಾಸ್ಕೆಟ್ ಹಾಕಿಸುವಾಗ ಹೆಡ್ ಫೇಸಿಂಗ್ (ಹೆಡ್ಡಿನ ತಳ ಉಜ್ಜಿ ಸಮ ಮಾಡುವುದು) ಬೇಕಾ ಎಂದು ಅಳತೆಪಟ್ಟಿ ಇಟ್ಟು ನೋಡಲು ಹೇಳಿ. ಸೊಟ್ಟಗಾದ ಹೆಡ್ಡಿಗೆ ಹೊಸ ಗ್ಯಾಸ್ಕೆಟ್ ಹಾಕಿದರೆ ಮತ್ತೆ ಸೋರುತ್ತದೆ. ‘ನಮ್ಮ ಊರಿನ ಬಿಸಿಲಿಗೆ ಥರ್ಮೋಸ್ಟಾಟ್ ಯಾಕೆ’ ಎಂದು ಮೆಕ್ಯಾನಿಕ್, ನೀರಿನ ಬಿಸಿ ನೋಡಿ ರೇಡಿಯೇಟರಿಗೆ ದಾರಿ ಬಿಡುವ ಆ ವಾಲ್ವನ್ನು ಕಿತ್ತು ಬಿಸಾಡಲು ಬಂದರೆ ಒಪ್ಪಬೇಡಿ, ಹೊಸದೇ ಹಾಕಿಸಿ.