ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಅರ್ಧಕ್ಕೆ ನಿಂತರೆ

ಉಬುಂಟು ಲಿನಕ್ಸ್‌ನಲ್ಲಿ ಡ್ರೈವರ್ ಅಪ್‌ಡೇಟ್ ಮಾಡುವಾಗ ‘ಹೆಲ್ಡ್ ಬ್ರೋಕನ್ ಪ್ಯಾಕೇಜಸ್’ (ಅಂದರೆ ಪ್ಯಾಕೇಜ್‌ಗಳು, ಅಂದ್ರೆ ಸಾಫ್ಟ್‌ವೇರ್ ಕಟ್ಟುಗಳು, ಒಂದಕ್ಕೊಂದು ಹೊಂದುತ್ತಿಲ್ಲ) ಅಂತ ಬಂದರೆ ಸುಮ್ನೆ ಕೈಗೆ ಸಿಕ್ಕ ಪ್ಯಾಕೇಜ್ ತೆಗೆದುಹಾಕಬೇಡಿ. ನಾನು ಒಮ್ಮೆ ಹಾಗೆ ಮಾಡಿ ಇಡೀ ಡೆಸ್ಕ್‌ಟಾಪ್ ಕಳೆದುಕೊಂಡಿದ್ದೆ. ಏನೇನು ಹೋಗುತ್ತದೆ ಅಂತ ಪಟ್ಟಿ ಓದದೆ ‘ವೈ’ ಒತ್ತಿದ್ದೆ, ತಪ್ಪು ನನ್ನದೇ.

ಮೊದಲು ಆ ಮೆಸೇಜ್‌ನ ಮೇಲಿನ ಸಾಲುಗಳನ್ನು ಓದಿ. ಯಾವ ಪ್ಯಾಕೇಜ್ ಯಾವುದನ್ನು ಕೇಳುತ್ತಿದೆ ಅಂತ ಅಲ್ಲೇ ಇರುತ್ತದೆ. ಆ ಹೆಸರು ಹಿಡಿದು ‘ಆಪ್ಟ್ ಪಾಲಿಸಿ’ (apt policy) ಕಮಾಂಡ್ ಕೊಡಿ. ಈಗಿರುವ ವರ್ಷನ್, ಹೊಸದಾಗಿ ಸಿಗುವ ವರ್ಷನ್, ಅದು ಬರುವ ರೆಪೊಸಿಟರಿ (ಪ್ಯಾಕೇಜ್‌ಗಳ ಸಂಗ್ರಹ), ಎಲ್ಲ ಕಾಣುತ್ತದೆ.

ನಾನು ನೋಡಿದ ಹಾಗೆ ಜಾಸ್ತಿ ಗಲಾಟೆ ಮೆಸಾ ಎಂಬ ಗ್ರಾಫಿಕ್ಸ್ ಲೈಬ್ರರಿಗಳದ್ದು. 64 ಬಿಟ್, 32 ಬಿಟ್ ಎರಡೂ ಇದ್ದರೆ ಎರಡರ ವರ್ಷನ್ ಚೂರೂ ವ್ಯತ್ಯಾಸ ಇಲ್ಲದೆ ಒಂದೇ ಇರಬೇಕು. ಗೇಮ್ ಆಡಲು ಅಂತ ಯಾವತ್ತೋ ಒಂದು ಪಿಪಿಎ (ಉಬುಂಟುವಿನ ಹೊರಗಿನವರ ರೆಪೊಸಿಟರಿ) ಸೇರಿಸಿ ಮರೆತಿರುತ್ತೇವೆ, ಅಲ್ವಾ? ಒಂದು ಅಲ್ಲಿಂದ, ಇನ್ನೊಂದು ಉಬುಂಟುವಿನಿಂದ ಬಂದರೆ ಜಗಳ ಶುರು. ಪಿಪಿಎ ಡಿಲೀಟ್ ಮಾಡಿದರೆ ಸಾಲದು, ಅದರಿಂದ ಬಂದ ಪ್ಯಾಕೇಜ್ ಹಾಗೇ ಉಳಿಯುತ್ತದೆ. ‘ಪಿಪಿಎ ಪರ್ಜ್’ (ppa-purge) ಕಮಾಂಡ್ ಬಳಸಿ. ಅದು ಪ್ಯಾಕೇಜ್‌ಗಳನ್ನು ಉಬುಂಟುವಿನ ವರ್ಷನ್‌ಗೆ ವಾಪಸ್ ತರುತ್ತದೆ.

‘ಆಪ್ಟ್ ಮಾರ್ಕ್ ಶೋಹೋಲ್ಡ್’ (apt-mark showhold) ಕಮಾಂಡ್ ಕೂಡ ಒಮ್ಮೆ ನೋಡಿ. ನೀವೇ ಹಿಂದೆ ತಡೆದಿಟ್ಟ ಪ್ಯಾಕೇಜ್ ಅಲ್ಲಿ ಸಿಗಬಹುದು.

ಸ್ಕ್ರೀನ್ ಪೂರ್ತಿ ಕಪ್ಪಾದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಸಾಮಾನ್ಯವಾಗಿ ಟೆಕ್ಸ್ಟ್ ಲಾಗಿನ್ ಬರುತ್ತದೆ, ಇದೆಲ್ಲ ಅಲ್ಲಿಂದಲೇ ಮಾಡಬಹುದು.