ಸೈ-ಫೈ ಗೇಮ್‌ಗೆ ಹಿನ್ನೆಲೆ ಸಂಗೀತ: ಲೂಪ್ ಆಗುತ್ತಿದೆ ಅಂತ ಗೊತ್ತೇ ಆಗಬಾರದು

ಪಾಳುಬಿದ್ದ ಅಂತರಿಕ್ಷ ನೌಕೆಯೊಳಗೆ ಆಟಗಾರ ಒಬ್ಬನೇ ಓಡಾಡುತ್ತಿದ್ದಾನೆ ಅಂದುಕೊಳ್ಳಿ. ಒಂದೇ ಜಾಗದಲ್ಲಿ ಅವನು 40 ನಿಮಿಷ ಕಳೆಯಬಹುದು. ಅಲ್ಲಿ 2 ನಿಮಿಷದ ಟ್ಯೂನ್ ಹಾಕಿದರೆ ಅದು 20 ಸಲ ತಿರುಗಿ ಬರುತ್ತದೆ, ಎಷ್ಟೇ ಚೆನ್ನಾಗಿದ್ದರೂ ತಲೆ ಚಿಟ್ಟು ಹಿಡಿಯುತ್ತದೆ ಅಲ್ವಾ? ಹಾಗಾಗಿ ಗುನುಗಲು ಬರುವಂಥದ್ದು ಏನೂ ಬೇಡ.

ಮೊದಲು ಡ್ರೋನ್ ಮಾಡಿಕೊಳ್ಳಿ, ಅಂದರೆ ಶ್ರುತಿಯ ಹಾಗೆ ಹಿಂದೆ ನಿಲ್ಲುವ ಒಂದೇ ಸ್ವರ. ಸಿಂಥ್‌ನಲ್ಲಿ (ಎಲೆಕ್ಟ್ರಾನಿಕ್ ಆಗಿ ಸದ್ದು ಹುಟ್ಟಿಸುವ ವಾದ್ಯ ಅಥವಾ ಸಾಫ್ಟ್‌ವೇರ್) ಒಂದು ಸೈನ್ ವೇವ್, ಅಂದರೆ ಅತಿ ಸರಳವಾದ ಶುದ್ಧ ಸ್ವರ, 55 ಹರ್ಟ್ಸ್‌ಗೆ ಇಡಿ, ಇನ್ನೊಂದು 55.1ಕ್ಕೆ. ಎರಡನೆಯದರ ವಾಲ್ಯೂಮ್ ಅರ್ಧ ಸಾಕು. ಆಗ 10 ಸೆಕೆಂಡಿಗೊಮ್ಮೆ ಸದ್ದು ತಾನೇ ಉಬ್ಬಿ ಇಳಿಯುತ್ತದೆ, ನೌಕೆ ಉಸಿರಾಡಿದ ಹಾಗೆ. ಫೋನ್, ಲ್ಯಾಪ್‌ಟಾಪ್ ಸ್ಪೀಕರ್‌ಗಳಲ್ಲಿ ಇಷ್ಟು ಕೆಳಗಿನ ಸ್ವರ ಕೇಳಿಸುವುದೇ ಇಲ್ಲ, ಅದಕ್ಕೆ ಸ್ವಲ್ಪ ಸ್ಯಾಚುರೇಶನ್ ಸೇರಿಸಿ, ಅಂದರೆ ಸದ್ದನ್ನು ಚೂರು ಒರಟು ಮಾಡಿ ಕೇಳಿಸುವಂಥ ಮೇಲಿನ ಸ್ವರಗಳನ್ನು ಹುಟ್ಟಿಸುವ ಎಫೆಕ್ಟ್.

ಇನ್ನು ನನಗೆ ತುಂಬಾ ಇಷ್ಟವಾದ ಕೆಲಸ. ಮೂರು ಬೇರೆ ಲೂಪ್ ಮಾಡಿ: ಒಂದು 17 ಸೆಕೆಂಡ್, ಒಂದು 23, ಒಂದು 31. ಮೂರನ್ನೂ ಒಟ್ಟಿಗೆ ಓಡಿಸಿದರೆ, ಅವು ಮೊದಲಿನ ಹಾಗೇ ಮತ್ತೆ ಕೂಡಿಕೊಳ್ಳಲು 12,121 ಸೆಕೆಂಡ್ ಬೇಕು, ಅಂದರೆ 3 ಗಂಟೆ 22 ನಿಮಿಷ! ಅದೇ 10, 20, 40 ಇಟ್ಟರೆ ಪ್ರತಿ 40 ಸೆಕೆಂಡಿಗೂ ಅದೇ ಕಥೆ. ಪ್ರತಿ ಲೂಪ್‌ನಲ್ಲೂ ಸದ್ದಿಗಿಂತ ಖಾಲಿ ಜಾಗವೇ ಜಾಸ್ತಿ ಇರಲಿ. ಸದ್ದಿಗಾಗಿ ಹುಡುಕಬೇಕಾಗಿಲ್ಲ, ಫ್ರಿಜ್ಜಿನ ಗುಂಯ್‌ಗುಡುವಿಕೆಯನ್ನೋ ಕಬ್ಬಿಣದ ಗೇಟಿನ ಕಿರುಗುಟ್ಟುವಿಕೆಯನ್ನೋ ಫೋನಲ್ಲಿ ರೆಕಾರ್ಡ್ ಮಾಡಿ ಅರ್ಧ ವೇಗದಲ್ಲಿ ಪ್ಲೇ ಮಾಡಿದರೆ ಒಂದು ಸ್ಥಾಯಿ ಕೆಳಗಿಳಿದು ಅದು ಏನೆಂದೇ ಗೊತ್ತಾಗುವುದಿಲ್ಲ. ಇನ್ನೂ ಎಳೆಯಬೇಕಾದರೆ ಆಡಾಸಿಟಿ ಅನ್ನೋ ಉಚಿತ ಆಡಿಯೊ ಸಾಫ್ಟ್‌ವೇರ್‌ನಲ್ಲಿ ಪಾಲ್‌ಸ್ಟ್ರೆಚ್ ಎಂಬ ಎಫೆಕ್ಟ್ ಇದೆ.

ಲೂಪ್ ಸೇರುವ ಕಡೆ ಜಾಸ್ತಿ ಜನ ಎಡವುತ್ತಾರೆ. ರಿವರ್ಬ್‌ನ (ಸದ್ದು ನಿಂತ ಮೇಲೂ ಉಳಿಯುವ ಅನುರಣನದ) ಬಾಲ ಕೊನೆಯಲ್ಲಿ ಪಟ್ಟನೆ ಕತ್ತರಿಸಿಹೋಗುತ್ತದೆ. ಆ ಬಾಲವನ್ನು ಕತ್ತರಿಸಿ ಲೂಪ್‌ನ ಶುರುವಿನ ಮೇಲೆ ಮಿಕ್ಸ್ ಮಾಡಿ, ಆಗ ಸಂದು ಕಾಣುವುದಿಲ್ಲ. ಎಂಪಿ3 ಮಾತ್ರ ಬೇಡ. ಅದು ಫೈಲಿನ ಅಂಚಿನಲ್ಲಿ ಚೂರು ಮೌನ ಸೇರಿಸುವುದರಿಂದ ಪ್ರತಿ ಸುತ್ತಿಗೂ ಎಡವಿದ ಹಾಗೆ ಕೇಳುತ್ತದೆ. ಆಗ್ (.ogg) ಅಥವಾ ವೇವ್ (.wav) ಫೈಲ್ ಬಳಸಿ.

ಮಾತಿನ ದೃಶ್ಯಗಳಿದ್ದರೆ ಇಕ್ಯೂನಲ್ಲಿ (ಸದ್ದಿನ ಬೇರೆ ಬೇರೆ ಆವರ್ತನಗಳನ್ನು ಏರಿಸಿ ಇಳಿಸುವ ಈಕ್ವಲೈಸರ್) 1ರಿಂದ 4 ಕಿಲೋಹರ್ಟ್ಸ್ ನಡುವೆ 3 ಡೆಸಿಬೆಲ್ ಇಳಿಸಿ. ಮಾತು ಸ್ಪಷ್ಟವಾಗಿ ಕೇಳಲು ಬೇಕಾದ ಜಾಗ ಅದು.

ಅಪಾಯ ಬಂದಾಗ ಹೊಸ ಟ್ರ್ಯಾಕ್‌ಗೆ ಹಾರಬೇಡಿ. ಗೇಮ್ ಸದ್ದುಗಳನ್ನು ನಿಭಾಯಿಸುವ ಎಫ್‌ಮಾಡ್ (FMOD) ಅಥವಾ ವೈಸ್ (Wwise) ಸಾಫ್ಟ್‌ವೇರ್‌ನಲ್ಲಿ ಇನ್ನೊಂದು ಪದರವನ್ನು ಮೊದಲಿಂದಲೂ ವಾಲ್ಯೂಮ್ ಸೊನ್ನೆಯಲ್ಲಿಟ್ಟು ಓಡಿಸುತ್ತಿರಿ, ಶತ್ರು ಹತ್ತಿರ ಬಂದ ಹಾಗೆಲ್ಲ ಅದನ್ನು ಏರಿಸಿ. ಏರಲು 3 ಸೆಕೆಂಡ್ ಸಾಕು. ಇಳಿಯಲು 15 ಕೊಡಿ, ಹೆದರಿದ ಮನಸ್ಸು ಅಷ್ಟು ಬೇಗ ತಣ್ಣಗಾಗುವುದಿಲ್ಲ.

ಆಮೇಲೆ ಸುಮ್ನೆ ಅರ್ಧ ಗಂಟೆ ನೀವೇ ಆಡಿ. ಯಾವುದಾದರೂ ಸದ್ದು "ಓ, ಮತ್ತೆ ಬಂತು" ಅನ್ನಿಸಿದರೆ ಅದರ ವಾಲ್ಯೂಮ್ ಇಳಿಸಿ, ಆ ಲೂಪನ್ನು ಇನ್ನೂ ಉದ್ದ ಮಾಡಿ, ಮತ್ತೆ ಆಡಿ ನೋಡಿ.