ಬೆಳ್ಳಿಗೆ ಟೂತ್‌ಪೇಸ್ಟ್ ಹಚ್ಚುವವರಿಗೆ

ಬೆಳ್ಳಿಯನ್ನು ಟೂತ್‌ಪೇಸ್ಟ್ ಹಾಕಿ ತಿಕ್ಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದರೊಳಗಿನ ಒರಟು ಪುಡಿಗೆ ಸಣ್ಣ ಸಣ್ಣ ಗೀರು ಬಿದ್ದು ನುಣುಪು ಹಾಳಾಗುತ್ತದೆ. ಇನ್ನು ಕೆಲವರು ಮೊಬೈಲ್ ನೋಡಿಕೊಂಡು ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನಲ್ಲಿ ಬಟ್ಟಲನ್ನು ಮುಳುಗಿಸುತ್ತಾರೆ. ಕಪ್ಪೇನೋ ಹೋಗುತ್ತದೆ. ಅದರ ಜೊತೆಗೆ ಕೆತ್ತನೆಯ ಸಂದಿಯಲ್ಲಿ ವರ್ಷಗಟ್ಟಲೆ ಕೂತ ಕಪ್ಪೂ ಹೋಗುತ್ತದೆ. ಹೂವು ಬಳ್ಳಿ ಎದ್ದು ಕಾಣುತ್ತಿದ್ದದ್ದೇ ಅದರಿಂದ! ಆಮೇಲೆ ಹಳೆಯ ಬಟ್ಟಲು ನಿನ್ನೆ ಬಡಿದ ತಗಡಿನಂತೆ ಕಾಣುತ್ತದೆ.

ಸೀಮೆಸುಣ್ಣದ ನಯವಾದ ಪುಡಿ ಸಾಕು. ಅದನ್ನು ತೆಳುಬಟ್ಟೆಯಲ್ಲಿ ಜರಡಿ ಹಿಡಿದು, ಚಿಟಿಕೆಯಷ್ಟನ್ನು ಎರಡು ಬೆರಳ ನಡುವೆ ಹೊಸಕಿ ನೋಡಿ; ಒಂದು ಹರಳು ಸಿಕ್ಕಿದರೂ ಮತ್ತೆ ಜರಡಿ. ನೀರನ್ನು ಹನಿಹನಿಯಾಗಿ ಸೇರಿಸಿ. ಬೆರಳಿಗೆ ಮೆತ್ತಿಕೊಳ್ಳಬೇಕು, ಹರಿಯಬಾರದು. ಉಜ್ಜುವುದಕ್ಕೆ ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆ, ಹೊಲಿಗೆಯ ಅಂಚು ಕತ್ತರಿಸಿದ್ದು. ಕೈ ಉದ್ದಕ್ಕೆ ಹೋಗಿ ಬರಲಿ, ಗಿರಗಿರನೆ ಸುತ್ತಿಸಬೇಡಿ. ಬಟ್ಟೆ ಕಪ್ಪಾದಾಗಲೆಲ್ಲ ಮಡಿಕೆ ಬದಲಿಸಿ. ಉಬ್ಬಿದ ಕಡೆ ಮಾತ್ರ ಉಜ್ಜಿ. ತಗ್ಗಿನೊಳಗೆ ಕಡ್ಡಿ ತೂರಿಸುವ ಉತ್ಸಾಹ ಬೇಡ. ಬೆಳ್ಳಿ ಲೇಪನದ ವಸ್ತುವಾದರೆ ಕೈ ಇನ್ನೂ ಹಗುರವಾಗಿರಲಿ, ಇಲ್ಲವಾದರೆ ಒಳಗಿನ ಲೋಹ ಇಣುಕುತ್ತದೆ. ತೊಳೆದ ಕೂಡಲೇ ಒರೆಸಿ. ಅಂದ ಹಾಗೆ, ಒರೆಸುವ ಬಟ್ಟೆಯನ್ನು ಬಟ್ಟೆ ಮೆತ್ತಗಾಗಲೆಂದು ಹಾಕುವ ಘಮಘಮಿಸುವ ದ್ರಾವಣದಲ್ಲಿ ಅದ್ದುವುದನ್ನು ಯಾರು ಕಲಿಸಿದರೋ, ಆಮೇಲೆ ಅದು ನೀರನ್ನೇ ಸರಿಯಾಗಿ ಹೀರುವುದಿಲ್ಲ.

ಬೆಳ್ಳಿಯನ್ನು ಕಪ್ಪು ಮಾಡುವುದು ಗಂಧಕ; ಉಣ್ಣೆಯಲ್ಲೂ ರಬ್ಬರಿನಲ್ಲೂ ಅದಿದೆ. ಉಣ್ಣೆಯಲ್ಲಿ ಸುತ್ತಬೇಡಿ, ರಬ್ಬರ್ ಬ್ಯಾಂಡ್ ಅಂತೂ ಹತ್ತಿರ ಸುಳಿಯಬಾರದು. ಬಟ್ಟೆಯ ಮೇಲೆ ಹಾಕಿದರೂ ಒಳಗೆ ಕಪ್ಪು ಪಟ್ಟೆ ಮೂಡುತ್ತದೆ. ಉಪ್ಪನ್ನು ಬೆಳ್ಳಿಯ ಬಟ್ಟಲಿನಲ್ಲೇ ಬಿಟ್ಟರೆ ಗುಳಿ ಬೀಳುತ್ತದೆ, ಅದಕ್ಕೆ ಮದ್ದಿಲ್ಲ.

ಎಲ್ಲಕ್ಕಿಂತ ಒಳ್ಳೆಯದು ದಿನವೂ ಬಳಸುವುದು. ನಮ್ಮಜ್ಜಿ ಬೆಳ್ಳಿಯ ಲೋಟದಲ್ಲೇ ನೀರು ಕುಡಿಯುತ್ತಿದ್ದರು. ಹೆಬ್ಬೆರಳು ಕೂರುತ್ತಿದ್ದ ಕಡೆ ಅವರ ಹೆಸರಿನ ಮೊದಲ ಅಕ್ಷರ ಸವೆದೇ ಹೋಗಿದೆ. ಲೋಟ ಕಪ್ಪಾದದ್ದನ್ನು ಯಾರೂ ನೋಡಿರಲಿಲ್ಲ. ಅಮ್ಮ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಲ್ಲಿಂದ ಶುರುವಾಯಿತು ಈ ತಿಕ್ಕುವ ಕೆಲಸ. ಸೊಸೆ ಕೈಗೆ ಕೊಟ್ಟರೆ, ತಳದ 925 ಮುದ್ರೆ (ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ ಎಂಬ ಗುರುತು) ನೋಡಿ, ಕರಗಿಸಿದರೆ ಎಷ್ಟು ಬಂದೀತು ಎಂದಳು. ಕರಗಿಸಿದರೆ ತೂಕಕ್ಕೆ ಬೆಲೆ, ಅಕ್ಕಸಾಲಿಗನ ಕೈಕೆಲಸಕ್ಕೆ ಚಿಕ್ಕಾಸೂ ಇಲ್ಲ ಎಂದು ಕಿತ್ತುಕೊಂಡು ಬಂದೆ. ಈಗ ಮೊಮ್ಮಗಳಿಗೆ ಅದೇ ಲೋಟ ಬೇಕಂತೆ, ಮೇಜಿನ ಮೇಲೆ ಪೆನ್ನು ನಿಲ್ಲಿಸಲು. ಇರಲಿ, ಬೀರುವಿನಿಂದ ಹೊರಗಾದರೂ ಬಂತು. ಪೆನ್ನುಗಳಿಗೆ ಅವಳು ಸುತ್ತಿದ್ದ ರಬ್ಬರ್ ಬ್ಯಾಂಡನ್ನು ಮಾತ್ರ ನಾನೇ ಕಿತ್ತು ಕಸಕ್ಕೆ ಹಾಕಿದೆ.